ಬಸ್ಸು ತುಂಬಿತ್ತೋ, ಖಾಲಿಯಿತ್ತೋ

ವಕೀಲಿಕೆಯ ನಾಲ್ಕನೆಯ ವರ್ಷದಲ್ಲಿ ನಾನು ಒಂದು ವಾರದ ಮಟ್ಟಿಗೆ ಬಸ್ ಪ್ರಯಾಣಿಕಳ ಪಾತ್ರ ಮಾಡಿದೆ. ನಾಟಕ ನಡೆದದ್ದು ಮಧುಗಿರಿಯಲ್ಲಿ, ನಮ್ಮ ಸೀನಿಯರ್ ಆಫೀಸಿನೊಳಗೆ. ಪ್ಲಾಸ್ಟಿಕ್ ಕುರ್ಚಿಗಳನ್ನು ಎರಡೆರಡಾಗಿ ಜೋಡಿಸಿ ಬಸ್ಸು ಮಾಡಿದ್ದೆವು. ಗುಮಾಸ್ತರು ಕೈಯೆತ್ತಿ ನಿಂತರೆ ಅದು ಕಂಬಿ. ಸೀನಿಯರ್ ಟೇಬಲ್ಲಿನ ಹಿಂದೆ ಕೂತು ಬ್ರೇಕ್ ಹಾಕುತ್ತಿದ್ದರು, ಅಂದರೆ ಬಾಯಲ್ಲೇ ಕಿರ್ರ್ ಎನ್ನುತ್ತಿದ್ದರು. ಆಗ ನಾವೆಲ್ಲ ಮುಂದಕ್ಕೆ ವಾಲಬೇಕು. ಐದು ವರ್ಷ ಕಾನೂನು ಓದಿದ್ದು ಇದಕ್ಕೇ ಇರಬೇಕು ಅನ್ನಿಸುತ್ತಿತ್ತು.

ಕೇಸು ಒಬ್ಬ ಖಾಸಗಿ ಬಸ್ ಕಂಡಕ್ಟರನದು. ಕೊರಟಗೆರೆಯಿಂದ ಮಧುಗಿರಿ ಮೇಲೆ ಪಾವಗಡಕ್ಕೆ ಹೋಗುವ ಬೆಳಗಿನ ಬಸ್ಸು. ಆ ಹೊತ್ತಿಗೆ ಬೇರೆ ಬಸ್ಸಿಲ್ಲ. ಅದರಲ್ಲಿ ದಿನಾ ಬರುತ್ತಿದ್ದ ಹೆಂಗಸೊಬ್ಬರು, ಮಧುಗಿರಿಯ ಒಂದು ಆಫೀಸಿನ ಅಟೆಂಡರ್, ಕಂಡಕ್ಟರ್ ಬೇಕೆಂದೇ ಮೈಮುಟ್ಟಿದ ಎಂದು ಪೊಲೀಸರಿಗೆ ದೂರು ಕೊಟ್ಟಿದ್ದರು. ನಾನೂ ಕೊರಟಗೆರೆಯವಳು, ನಾನೂ ಅದೇ ಬಸ್ಸಿನಲ್ಲಿ ಬರುವವಳು. ಆ ದಿನ ಮಾತ್ರ ಬಂದಿರಲಿಲ್ಲ. ಸೀನಿಯರ್‌ಗೆ ಹಾಗಂತ ಹೇಳಿದರೆ, "ಒಳ್ಳೇದೇ ಆಯ್ತಮ್ಮ, ನಿನಗೆ ಆ ಬಸ್ಸಿನ ಅನುಭವ ಇದೆ" ಎಂದು ನನ್ನನ್ನೇ ಆ ಹೆಂಗಸಿನ ಜಾಗದಲ್ಲಿ ನಿಲ್ಲಿಸಿದರು.

ನಮ್ಮ ವಾದ ಒಂದೇ: ರಶ್ಶು. ಬಸ್ಸಿನಲ್ಲಿ ಕೈಯಾಡಿಸಲು ಜಾಗವಿರಲಿಲ್ಲ, ಯಾರ ಕೈ ಯಾರಿಗೆ ತಗುಲಿತೋ ಆ ದೇವರೇ ಬಲ್ಲ. ಇದಕ್ಕೆ ಸಾಕ್ಷಿ ಹೇಳಬೇಕಾದವರು ಬಸ್ಸಿನ ಮಾಲೀಕರು. ಪಾವಗಡದ ಕಡೆಯವರು, ಡ್ರೈವರೂ ಅವರೇ, ನಮ್ಮನ್ನು ವಕೀಲರಾಗಿ ಹಿಡಿದದ್ದೂ ಅವರೇ, ಏಕೆಂದರೆ ಕಂಡಕ್ಟರು ಅವರ ಬಾಮೈದ. ಆದರೆ ರಶ್ಶು ಎಂಬ ಮಾತು ಕೇಳಿದ ಕೂಡಲೇ ಅವರು ಕುರ್ಚಿಯಿಂದ ಎದ್ದುಬಿಟ್ಟರು.

"ಅಯ್ಯೋ ಸಾಮೀ, ಬಸ್ಸು ತುಂಬಿತ್ತು ಅಂತ ಕೋರ್ಟಲ್ಲಿ ನಾನೇ ಹೇಳ್ಬುಟ್ರೆ ಆರ್‌ಟಿಒನೋರು ಸುಮ್ಕಿರ್ತಾರಾ? ಪರ್ಮಿಟ್ಟೇ ಹೋಯ್ತದೆ."

"ಮತ್ತೆ ಎಷ್ಟು ಜನ ಇದ್ದರು ಅಂತೀಯ?"

"ಪರ್ಮಿಟ್ಟಲ್ಲಿ ಎಷ್ಟೈತೋ ಅಷ್ಟೇ."

"ಅಷ್ಟೇ ಜನ ಇದ್ದರೆ ಎಲ್ಲರೂ ಕೂತಿರ್ತಾರಲ್ಲಯ್ಯ! ರಶ್ಶು ಎಲ್ಲಿಂದ ತರಲಿ?"

"ಅದ್ನ ನೀವೇ ತರ್ಬೇಕು ಸಾಮೀ. ಲಾಯರು ನೀವು."

ಆ ವಾರವೆಲ್ಲ ಸೀನಿಯರ್ ರಶ್ಶು ಹುಡುಕಿದರು. ಹತ್ತಿದವರೆಲ್ಲ ದಪ್ಪ ಇದ್ದರು ಎನ್ನೋಣವೆಂದರು. ಕೋರ್ಟಿಗೆ ಅಷ್ಟು ದಪ್ಪನೆಯವರನ್ನು ಎಲ್ಲಿಂದ ಕರೆತರುವುದು ಎಂದು ಗುಮಾಸ್ತರು ಕೇಳಿದರು. ಎಲ್ಲರ ಕೈಯಲ್ಲೂ ಹುಣಸೆಹಣ್ಣಿನ ಮೂಟೆಯಿತ್ತು ಎನ್ನೋಣವೆಂದರು. ಪ್ಯಾಸೆಂಜರ್ ಬಸ್ಸಿನಲ್ಲಿ ಮೂಟೆ ಅಂದರೆ ಅದು ಇನ್ನೊಂದು ಕೇಸು ಎಂದು ಮಾಲೀಕರು ಕೈಮುಗಿದರು. ಕೊನೆಗೆ ಒಪ್ಪಂದವಾದದ್ದು ಹೀಗೆ: ಪರ್ಮಿಟ್ಟಿನಷ್ಟೇ ಜನ, ಎಲ್ಲರಿಗೂ ಸೀಟು, ಆದರೆ ಮಧುಗಿರಿ ಬಂತೆಂದು ಅಷ್ಟೂ ಜನ ಒಟ್ಟಿಗೇ ಎದ್ದು ಬಾಗಿಲ ಹತ್ತಿರ ಬಂದುಬಿಟ್ಟರು. ಪಾವಗಡಕ್ಕೆ ಹೋಗಬೇಕಾದವರೂ ಎದ್ದರೇ ಎಂದು ನಾನು ಕೇಳಿದೆ. ಸೀನಿಯರ್ ನನ್ನನ್ನು ಕೆಂಗಣ್ಣಿನಿಂದ ನೋಡಿದರು.

ಶನಿವಾರ ಕಂಡಕ್ಟರನನ್ನೂ ಕರೆಸಿ ಪೂರ್ತಿ ದೃಶ್ಯ ಮಾಡಿಸಿದರು. ನಾನು ಗುಮಾಸ್ತರೆಂಬ ಕಂಬಿಯ ಪಕ್ಕ ನಿಂತೆ. ಸೀನಿಯರ್ ಕಿರ್ರ್ ಎಂದರು. ಅವನು ಬಂದು ನನ್ನ ಹಿಂದೆ ನಿಂತ. ಅಷ್ಟೇ, ಮುಟ್ಟಲಿಲ್ಲ. ಆದರೆ ನಾನು ಎದೆಗವುಚಿಕೊಂಡಿದ್ದ ಕೇಸಿನ ಫೈಲು ಅದಾಗಲೇ ನನ್ನ ಸೊಂಟದ ಹಿಂದಕ್ಕೆ ಹೋಗಿತ್ತು. ನಾನು ಬೇಕೆಂದು ಮಾಡಿದ್ದಲ್ಲ. ಆ ಬಸ್ಸಿನಲ್ಲಿ ಹೆಂಗಸರೆಲ್ಲ ನಿಲ್ಲುವುದೇ ಹಾಗೆ, ಬ್ಯಾಗೋ ಊಟದ ಡಬ್ಬಿಯೋ ಏನಿದೆಯೋ ಅದನ್ನು ಹಿಂದಕ್ಕೆ ಅಡ್ಡ ಹಿಡಿದು. ಯಾರೂ ಯಾರಿಗೂ ಹೇಳಿಕೊಟ್ಟದ್ದಲ್ಲ.

ಅವನು ನಕ್ಕ. "ಫೈಲು ಮುಂದಕ್ಕೆ ಹಿಡ್ಕಳಿ ಮೇಡಂ. ದಿನಾ ಎಲ್ರೂ ಇಂಗೇ ಹಿಂದಕ್ಕೇ ಹಿಡ್ಕಂತಾರೆ. ಅವತ್ತು ಆಯಮ್ಮ ಬ್ಯಾಗು ಮುಂದಕ್ಕೆ ಹಿಡ್ಕಂಡಿತ್ತು, ಅದಕ್ಕೇ..."

ಅಲ್ಲಿಗೆ ನಿಲ್ಲಿಸಿದ. ಕಂಬಿ ಕೈ ಇಳಿಸಿತು. ಸೀನಿಯರ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

ಅವನು ಹೋದ ಮೇಲೆ ನಾನು ಈ ಕೇಸು ಮಾಡುವುದಿಲ್ಲ ಎಂದೆ. "ಕಕ್ಷಿದಾರ ಇಲ್ಲಿ ಆಡಿದ ಮಾತು ಈ ನಾಲ್ಕು ಗೋಡೆ ದಾಟಬಾರದು. ಎಂಥವನಿಗೂ ಒಬ್ಬ ವಕೀಲ ಬೇಕು. ಇದು ನಿನಗೆ ಗೊತ್ತಿಲ್ಲದ್ದೇನಲ್ಲ" ಎಂದರು ಸೀನಿಯರ್. ಅವರು ಹೇಳಿದ್ದು ಸರಿಯೇ, ನಾನು ಈಗಲೂ ಅದನ್ನು ನಂಬುತ್ತೇನೆ. ಆದರೂ ಆವತ್ತು ಮೈಯೆಲ್ಲ ಉರಿಯಿತು. ಎಂಥವನಿಗೂ ವಕೀಲ ಬೇಕು ಸರಿ, ಅದಕ್ಕೆ ನಾನು ಅವನ ಮುಂದೆ ಬೆನ್ನು ಹಾಕಿ ನಿಲ್ಲಬೇಕೆಂದು ಯಾವ ಕಾನೂನಿನಲ್ಲಿದೆ? ಇಷ್ಟನ್ನು ಮನಸ್ಸಿನಲ್ಲೇ ಅಂದುಕೊಂಡೆನೇ ಹೊರತು ಬಾಯಿಬಿಡಲಿಲ್ಲ. ಕೇಸನ್ನೂ ಬಿಡಲಿಲ್ಲ. ಆ ನಾಚಿಕೆ ಇನ್ನೂ ಹೋಗಿಲ್ಲ.

ವಿಚಾರಣೆಯ ದಿನ ಆ ಹೆಂಗಸು ಸಾಕ್ಷಿ ಕಟ್ಟೆಯಲ್ಲಿ ನಿಂತರು. ಆರೋಪಿಯನ್ನು ಗುರುತಿಸಬೇಕಿತ್ತು. ಅವನು ಹೊರಗೆ ಟೀ ಕುಡಿಯುತ್ತಿದ್ದ. ಕೂಗಿ ಕರೆದರು. ಕೋರ್ಟ್ ಹಾಲ್ ಇಕ್ಕಟ್ಟು. ಫೈಲು ಹಿಡಿದು ನಿಂತಿದ್ದ ನನ್ನ ಹಿಂದಿನಿಂದಲೇ ಹಾದು ಮುಂದೆ ಹೋದ. ಆಕೆ ಅವನನ್ನು ಗುರುತಿಸಿದರು. ಪಾಟೀಸವಾಲಿನಲ್ಲಿ ಸೀನಿಯರ್ ರಶ್ಶಿನ ಬಗ್ಗೆ ಕೇಳಿದಾಗ, "ರಶ್ಶು ದಿನಾ ಇರ್ತದೆ ಸಾಮೀ. ರಶ್ಶಲ್ಲಿ ಕೈ ತಗುಲ್ತದೆ, ಹೋಯ್ತದೆ. ಈ ಕೈ ಹೋಗ್ಲಿಲ್ಲ" ಎಂದರು. ಸೀನಿಯರ್ ಆ ಮಾತನ್ನು ಅಲ್ಲಿಗೇ ಬಿಟ್ಟು, ಆಕೆ ದೂರು ಕೊಡಲು ಎರಡು ದಿನ ತಡಮಾಡಿದ್ದರ ಬೆನ್ನು ಹತ್ತಿದರು. ಎರಡು ಗಂಟೆ ನಿಲ್ಲಿಸಿ ಕೇಳಿದರು. ಕೊನೆಕೊನೆಗೆ ಆಕೆಯ ಮೇಲೆ ಯಾರಿಗೂ ಅಷ್ಟಾಗಿ ನಂಬಿಕೆ ಉಳಿದಂತೆ ಕಾಣಲಿಲ್ಲ. ಆಕೆಗೆ ಅದೇ ಬಸ್ಸಿನಲ್ಲಿ, ಅದೇ ಕಂಡಕ್ಟರನ ಮುಂದೆ ಮತ್ತೆ ದಿನಾ ಹೋಗಬೇಕಾದ ಗತಿ ಬರುತ್ತದೆ ಎಂದು ನನಗೆ ಖಾತ್ರಿಯಾಯಿತು.

ಮುಂದಿನ ತಾರೀಖಿಗೆ ನಮ್ಮ ಮಾಲೀಕರ ಸಾಕ್ಷಿ. ಎಲ್ಲವನ್ನೂ ಬಾಯಿಪಾಠ ಮಾಡಿಸಿದ್ದೆವು. ಆದರೆ ಆ ದಿನ ಬೇರೆ ಯಾವುದೋ ಕೇಸಿಗೆಂದು ಆರ್‌ಟಿಒ ಕಚೇರಿಯ ಖಾಕಿಯವರೊಬ್ಬರು ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಮಾಲೀಕರ ಕಣ್ಣು ಅವರ ಮೇಲೆ ಬಿತ್ತು. ಬೆವರು ಇಳಿಯತೊಡಗಿತು.

ಪಾಟೀಸವಾಲಿನಲ್ಲಿ ಸರ್ಕಾರಿ ವಕೀಲೆ ಕೇಳಿದರು: "ಪ್ರಯಾಣಿಕರೆಲ್ಲ ಇಳಿಯೋಕೆ ಅಂತ ಎದ್ದು ನಿಂತಿದ್ದರಾ?"

"ಇಲ್ಲಾ ಮೇಡಂ! ನಮ್ ಬಸ್ನಾಗೆ ಒಬ್ರೂ ನಿಂತ್ಕಳಲ್ಲ. ಸೀಟೇ ಖಾಲಿ ಇದ್ವು."

"ಎಷ್ಟು ಖಾಲಿ?"

"ಬೇಜಾನ್ ಖಾಲಿ."

"ಹಾಗಾದರೆ ಕಂಡಕ್ಟರ್‌ಗೆ ಓಡಾಡಲು ಜಾಗ ಇತ್ತು?"

"ಜಾಗಾನಾ? ಚಾಪೆ ಹಾಕ್ಕಂಡು ಮನಿಕ್ಕಬೋದಾಗಿತ್ತು ಮೇಡಂ."

"ಅಷ್ಟು ಜಾಗ ಇದ್ದಾಗ ನಿಮ್ಮ ಕಂಡಕ್ಟರ್ ಆ ಹೆಂಗಸಿಗೆ ಅಂಟಿಕೊಂಡು ಯಾಕೆ ನಿಂತಿದ್ದ?"

ಮಾಲೀಕರು ಮೊದಲು ಬಾಮೈದನನ್ನು ನೋಡಿದರು, ಆಮೇಲೆ ಖಾಕಿಯನ್ನು ನೋಡಿದರು. "ಅದು ಅವನ್ನೇ ಕೇಳ್ಬೇಕು ಮೇಡಂ" ಎಂದರು. ನಮ್ಮ ಸೀನಿಯರ್ ಬಾಯಿಂದ ಬ್ರೇಕಿನ ಸದ್ದು ಬಂದದ್ದು ನನಗೊಬ್ಬಳಿಗೇ ಕೇಳಿಸಿತು.

ಒಂದು ವರ್ಷ ಶಿಕ್ಷೆಯಾಯಿತು, ಕಂಡಕ್ಟರ್ ಲೈಸೆನ್ಸೂ ಹೋಯಿತು. ಬಸ್ಸಿನಲ್ಲಿ ಗುಂಪೇ ಇರಲಿಲ್ಲವೆಂದು ಆರೋಪಿಯ ಸಾಕ್ಷಿಯೇ ಒಪ್ಪಿದ್ದಾನೆ ಎಂದು ತೀರ್ಪಿನಲ್ಲಿತ್ತು. ಅವನು ಈಗ ಜಾಮೀನಿನ ಮೇಲಿದ್ದಾನೆ, ಭಾವನ ಜೊತೆ ಮಾತು ಬಿಟ್ಟಿದ್ದಾನೆ. ಅಪೀಲು ಹಾಕಿದ್ದೇವೆ, ಅಲ್ಲಿ ಬಸ್ಸನ್ನು ಮತ್ತೆ ತುಂಬಿಸಬೇಕು. ಆಕೆ ಎರಡು ಗಂಟೆ ನಿಂತು ಹೇಳಿದ ನಿಜದಿಂದ ಆಗದ್ದು ಪರ್ಮಿಟ್ಟಿನ ಭಯಕ್ಕೆ ಹೇಳಿದ ಒಂದು ಸುಳ್ಳಿನಿಂದ ಆಯಿತು. ನನಗೆ ನಗು ಬಂತು, ಸಮಾಧಾನವೂ ಆಯಿತು, ಆಮೇಲೆ ಎರಡಕ್ಕೂ ನನ್ನ ಮೇಲೇ ಸಿಟ್ಟು ಬಂತು.

ತೀರ್ಪಿನ ಮರುವಾರ ಅದೇ ಬೆಳಗಿನ ಬಸ್ಸು ಹತ್ತಿದೆ. ಕಂಡಕ್ಟರ್ ಹೊಸಬ, ಮಾಲೀಕರು ಅವರೇ, ಜನ ಪರ್ಮಿಟ್ಟಿನ ಎರಡರಷ್ಟು. ಯಾರೋ ಹಿಂದಿನಿಂದ ತಳ್ಳಿದರು, ನೋಡಿದರೆ ಆ ಹೆಂಗಸು ಕೂತಿದ್ದ ಸೀಟಿನ ಪಕ್ಕಕ್ಕೇ ಬಂದು ನಿಂತಿದ್ದೆ. ಮುಖ ಎಲ್ಲಿಡುವುದೋ ತಿಳಿಯಲಿಲ್ಲ. ಆಕೆ ಒತ್ತರಿಸಿಕೊಂಡು ಅರ್ಧ ಸೀಟು ಬಿಟ್ಟರು.

"ಕೂತ್ಕಳಿ ಲಾಯರಮ್ಮ."

ಕೂತೆ. ಏನೋ ಹೇಳಲು ಹೊರಟೆ. "ಅದು ನಿಮ್ ಕೆಲ್ಸ, ಬುಡಿ" ಎಂದರು. ಆಮೇಲೆ ತಾವೇ ಶುರುಮಾಡಿದರು: "ಅವತ್ತು ಕೋರ್ಟಲ್ಲಿ ಅವ್ನು ನಿಮ್ ಹಿಂದ್ಲಿಂದ ಹಾದೋದಾಗ ನೀವೂ ಫೈಲ್ನ ಹಿಂದಕ್ಕೆ ಅಡ್ಡ ಹಿಡ್ಕಂಡ್ರಿ. ನಾನು ಅಲ್ಲಿ ನಿಂತು ನೋಡ್ತಾನೇ ಇದ್ದೆ."

ನಾನು ತೊಡೆಯ ಮೇಲಿನ ಫೈಲು ನೋಡಿಕೊಂಡೆ.

"ಅಗೋ ಸಾಮೀ, ಅವ್ನ ಲಾಯರಮ್ಮನ್ನೇ ನೋಡಿ ಅಂತ ಜಡ್ಜಿಗೆ ತೋರ್ಸಣ ಅನ್ನುಸ್ತು. ಆಮೇಲೆ ನಿಮ್ ಕೆಲ್ಸ ಹೋದಾತು ಅಂತ ಸುಮ್ನಾದೆ ಕಣಮ್ಮ."

ಮಧುಗಿರಿ ಬಂತು. ಜನವೆಲ್ಲ ಒಟ್ಟಿಗೇ ಎದ್ದು ಬಾಗಿಲಿಗೆ ನುಗ್ಗಿದರು. ಆಕೆಯನ್ನು ಮುಂದೆ ಬಿಟ್ಟು ನಾನು ಅವರ ಬೆನ್ನಿಗೆ ನಿಂತೆ.