ಇಲ್ಲಿ ಹುಟ್ಟಿ ಇಲ್ಲಿ ಸಮುದ್ರ ಸೇರುವ ನದಿ

ನನ್ನ ಪಾಠ ಚೆನ್ನಾಗಿರುತ್ತಿತ್ತು ಎಂದು ನನಗೆ ನೆನಪು. ಹರಪನಹಳ್ಳಿಯ ಕಾಲೇಜಿನಲ್ಲಿ ನಾನು ಭೂಗೋಳ ಹೇಳುವಾಗ ಹುಡುಗರು ಮೈಮರೆತು ಕೇಳುತ್ತಿದ್ದರು ಎಂದೂ ನೆನಪು. ಇದಕ್ಕೆ ಸಾಕ್ಷಿ ನಾನೊಬ್ಬನೇ. ಪುರಾವೆಯಿಲ್ಲದೆ ಏನನ್ನೂ ನಂಬಬೇಡ ಎಂದು ವಿಶ್ವವಿದ್ಯಾಲಯ ಕಲಿಸಿತ್ತು. ನನ್ನ ಮಟ್ಟಿಗೆ ಆ ನಿಯಮವನ್ನು ಸಡಿಲಿಸಿಕೊಂಡಿದ್ದೆ.

ಪುರಾವೆ ಬಂದದ್ದು ಹಡಗಲಿಯಿಂದ. ಅಲ್ಲಿಗೆ ಮದುವೆ ಮಾಡಿಕೊಟ್ಟಿದ್ದ ಅಕ್ಕನ ಮಗಳು ಪಿಯುಸಿಯಲ್ಲಿ ಭೂಗೋಳ ಒಂದನ್ನು ಉಳಿಸಿಕೊಂಡಿದ್ದಳು. ಪಾಸಾದರೆ ಅಂಗನವಾಡಿ ಕೆಲಸಕ್ಕೆ ಅರ್ಜಿ ಹಾಕಬಹುದಿತ್ತು. "ಇದೊಂದ್ ಸಲ ಬರಿ. ಆಗ್ಲಿಲ್ಲಂದ್ರ ಪುಸ್ತಕ ಅಟ್ಟಕ್ಕ ಹಾಕು" ಎಂದು ಅವಳ ಅತ್ತೆ ಹೇಳಿಬಿಟ್ಟಿದ್ದರಂತೆ. ಕಾಲೇಜಿನವರು ಆನ್‌ಲೈನ್ ತರಗತಿಗೆಂದು ಹುಡುಗರ ಮುಂದೆಯೇ ವಿಡಿಯೋ ಮಾಡಿಸಿದ್ದ ನನ್ನ ನದಿಗಳ ಪಾಠವನ್ನು ಅವಳಿಗೆ ಕಳಿಸಿದೆ. ಇನ್ನು ಅವಳು ಪಾಸಾದ ಹಾಗೇ ಎಂದುಕೊಂಡೆ.

ವಾರದೊಳಗೆ ಫೋನು ಬಂತು. "ಮಾಮಾ, ಪಾಠ ಕೇಳ್ದೆ. ಯಾವ ನದಿ ಅಂತ ತಿಳೀಲಿಲ್ರಿ."

"ಎಲ್ಲಾ ಹೇಳೀನಲ್ಲವಾ! ಸರಿಯಾಗಿ ನೋಡು."

"ನೋಡಾಕ ಎಲ್ಲಾಗತೈತ್ರಿ? ಮುಂಜಾನಿ ಎರಡೂ ಕೈ ಹೂ ಕಟ್ಟೋದ್ರಾಗ ಇರ್ತಾವ. ಬರೇ ಕೇಳ್ತೀನಿ. ಒಂದ್ಸಲ ನೀವಾ ಕಣ್ಮುಚ್ಚಿ ಕೇಳ್ರಿ."

ಕೇಳಿದೆ. ಒಂದೊಂದು ನದಿಯನ್ನೂ ಹೆಸರು ಹಿಡಿದು ವರ್ಣಿಸಿದ್ದು ನನಗೆ ಸ್ಪಷ್ಟವಾಗಿ ನೆನಪಿತ್ತು. ವಿಡಿಯೋದಲ್ಲಿದ್ದ ಮನುಷ್ಯ ಮಾತ್ರ, "ಇದು ಇಲ್ಲಿ ಹುಟ್ಟಿ, ಹಿಂಗ ಬಂದು, ಇಲ್ಲಿ ಇದನ್ನ ಕೂಡ್ಕೊಂಡು, ಇಲ್ಲಿ ಸಮುದ್ರ ಸೇರ್ತೈತಿ. ತಿಳೀತಾ?" ಎನ್ನುತ್ತಿದ್ದ. ಹುಡುಗರು ತಿಳೀತೆಂದು ಒಟ್ಟಿಗೇ ಕೂಗಿದರು. ಇಷ್ಟು ವರ್ಷ ಪಾಠ ಮಾಡಿದ್ದು ಗೋಡೆಯ ನಕಾಶೆ ಮತ್ತು ಕೈಯ ಕೋಲು; ನಾನು ಹಿನ್ನೆಲೆಯ ಸದ್ದು. ಯಾರೋ ಹೆಸರುಗಳನ್ನು ಕತ್ತರಿಸಿರಬೇಕು ಎಂದು ಅನುಮಾನಪಟ್ಟೆ. "ನದಿ ಹೆಸರು ಕದ್ದು ಯಾರು ಉದ್ಧಾರ ಆಗ್ತಾರ?" ಎಂದು ಹೆಂಡತಿ ಕೇಳಿದ ಮೇಲೆ ಆ ಅನುಮಾನ ಕೈಬಿಟ್ಟೆ.

ನಕಾಶೆ ಬೇಡ, ಪುಸ್ತಕವೂ ಬೇಡ ಎಂದು ಪಡಸಾಲೆಯಲ್ಲಿ ಅಡ್ಡಾಡುತ್ತ ನೆನಪಿನಿಂದಲೇ ಹೊಸ ಪಾಠ ಹೇಳಿ, ಧ್ವನಿ ಸಂದೇಶಗಳಾಗಿ ಕಳಿಸಿದೆ. ಈ ಸಲ ಹೆಸರುಗಳು ಧಾರಾಳವಾಗಿದ್ದವು.

"ಮಾಮಾ, ನಮ್ಮ ಹೊಳಿನ ಒಯ್ದು ಗೋದಾವರಿಗೆ ಯಾಕ ಹಾಕೀರಿ?"

"ತುಂಗಭದ್ರೆನಾ? ನಾನಾ?"

"ಹೂಂರಿ. ಅದು ಕೃಷ್ಣಾ ಸೇರ್ತೈತಂತ ಪುಸ್ತಕದಾಗ ಐತಿ. ನರ್ಮದಾನೂ ಬಂಗಾಳಕೊಲ್ಲಿಗೆ ಕಳಿಸೀರಿ. ನಮ್ಮತ್ತಿ ಕೇಳಿ, ಮೊದ್ಲು ನಿಮ್ಮ ಮಾಮ ಪರೀಕ್ಷಿ ಕಟ್ಲಿ ಅಂತ ನಕ್ರು."

ಎಲ್ಲ ಅಳಿಸು, ಪುಸ್ತಕ ನೋಡಿಕೊಂಡೇ ಮತ್ತೆ ಹೇಳುತ್ತೇನೆ ಎಂದೆ.

"ಬ್ಯಾಡ್ರಿ, ಹಿಂಗಾ ಇರ್ಲಿ. ಹೂ ಕಟ್ಟಕೊಂತ ಕೇಳ್ತೀನಿ, ಮಧ್ಯಾಹ್ನ ಪುಸ್ತಕ ತಗದು ತಪ್ಪು ಹುಡುಕ್ತೀನಿ. ಬರೇ ಓದಿದ್ರ ನಿದ್ದಿ ಬರ್ತಿತ್ತು. ನಿಮ್ಮ ತಪ್ಪು ಹಿಡಿಯಾಕ ಕುಂತ್ರ ನಿದ್ದಿ ಹತ್ರ ಸುಳಿಯಂಗಿಲ್ಲ."

ಪರ್ವತ, ಮಣ್ಣು, ಮಳೆಯ ಪಾಠಗಳನ್ನೂ ಕಳಿಸಿದೆ. ಒಂದೂ ತಪ್ಪಿರಬಾರದೆಂದು ಪ್ರಾಮಾಣಿಕವಾಗಿ ಪ್ರಯತ್ನಿಸಿದೆ. ಆದರೂ ಅವಳಿಗೆ ತಪ್ಪುಗಳ ಕೊರತೆಯೇನೂ ಆಗಲಿಲ್ಲ.

ಫಲಿತಾಂಶದ ದಿನ "ಮಾಮಾ, ಪಾಸ್!" ಎಂದು ಕೂಗಿದಳು. ಅತ್ತೆ ಫೋನು ಇಸಿದುಕೊಂಡು, "ಅರ್ಜಿ ಹಾಕಾಕ ನಾಳೇನಾ ಕರ್ಕಂಡು ಹೋಗ್ತೀನ್ರಿ. ಎಲ್ಲಾ ನಿಮ್ಮಿಂದಾನಾ ಆತು" ಎಂದರು. ಅವರ ದನಿಯಲ್ಲಿ ನಗು ಇತ್ತೋ ಇಲ್ಲವೋ, ಈಗ ಖಚಿತವಾಗಿ ನೆನಪಿಲ್ಲ.

ಸ್ಟಾಫ್ ರೂಮಿನಲ್ಲಿ ಮಾತ್ರ, ವಿದ್ಯಾರ್ಥಿ ಹುಡುಕಲೆಂದೇ ಪಾಠದೊಳಗೆ ತಪ್ಪುಗಳನ್ನು ಅಡಗಿಸಿಡುವ ಹೊಸ ಡಿಜಿಟಲ್ ಬೋಧನಾ ಕ್ರಮವೊಂದನ್ನು ಕಂಡುಕೊಂಡಿದ್ದೇನೆ ಎಂದೆ. ಅದನ್ನು ವಿವರಿಸಲು ಕೂಡ್ಲಿಗಿಯ ತರಬೇತಿಗೆ ಕರೆದಿದ್ದಾರೆ. ಬೇಕೆಂದೇ ತಪ್ಪಿದ್ದೆ ಎಂದು ನನಗೂ ನೆನಪಾಗತೊಡಗಿದೆ. ಎದುರು ಸಾಕ್ಷಿಯೆಂದರೆ ಅಕ್ಕನ ಮಗಳ ಮೊಬೈಲಿನಲ್ಲಿ ಉಳಿದಿರುವ ಆ ಧ್ವನಿ ಸಂದೇಶಗಳು. ಮೊನ್ನೆ ಮೆಲ್ಲಗೆ, "ಪಾಸಾದ್ಯಲ್ಲವಾ, ಇನ್ನ ಅವನ್ನ ಅಳಿಸಿಬಿಡು" ಎಂದೆ.

"ಅಯ್ಯ, ಯಾಕ್ರಿ ಮಾಮಾ? ನಮ್ಮ ನಾದಿನಿಗೂ ಭೂಗೋಳ ಉಳಿದೈತಿ."