ಸಾಕಿದ್ದು ಸಾಕು ಅಂದರೆ?

ಮೊನ್ನೆ ಬೆಳಿಗ್ಗೆ ಅಕ್ಕನ ಮನೆಯ ಫೋನ್ ರಿಂಗಾಯಿತು. ಮೂರು ವರ್ಷದ ಪುಟ್ಟಿಗೆ ತಲೆ ಬಾಚುತ್ತಿದ್ದ ಅಕ್ಕ ಬಾಚಣಿಗೆ ಹಿಡಿದೇ ನಿಂತುಬಿಟ್ಟಳು. 'ನೀನೇ ತಗೊಳ್ಳೇ' ಅಂದಳು ನನಗೆ.

ಮಕ್ಕಳ ಕಲ್ಯಾಣ ಸಮಿತಿ ಆಫೀಸಿನವರು. 'ಪೇಪರ್ ನೋಡ್ಕಂಡು ಯಾರೋ ಬಂದವ್ರೆ ಮೇಡಂ. ಮಗೂನ ಕರ್ಕೊಂಡ್ ಬನ್ನಿ.'

ಪುಟ್ಟಿ ಅಕ್ಕ ಹೆತ್ತ ಮಗುವಲ್ಲ. ಕುಣಿಗಲ್ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬಳೇ ಸಿಕ್ಕಿದವಳು. ಎಂಟು ತಿಂಗಳಿಂದ ಬಟವಾಡಿಯಲ್ಲಿ ಅಕ್ಕ-ಭಾವನ ಬಾಡಿಗೆ ಮನೆಯಲ್ಲಿದ್ದಾಳೆ. ಸಮಿತಿಯ ಕಾಗದದಲ್ಲಿ ಅಕ್ಕ 'ಸಾಕು ತಾಯಿ'. ಅಂದರೆ ತಾತ್ಕಾಲಿಕ. ದತ್ತು ಬೇಕೆಂದರೆ ಮೊದಲು ಪೇಪರಿನಲ್ಲಿ ಮಗುವಿನ ಫೋಟೊ ಹಾಕಿ, ಹೆತ್ತವರಿದ್ದರೆ ಬನ್ನಿ ಎಂದು ಕರೆಯಬೇಕು. ಪುಟ್ಟಿಯ ಫೋಟೊ ಈಚೆಗಷ್ಟೇ ಬಂದಿತ್ತು. ಗಡುವಿನೊಳಗೆ ಯಾರೂ ಬರದಿದ್ದರೆ, ಸಮಿತಿ ಒಪ್ಪಿದರೆ, ಜಿಲ್ಲಾಧಿಕಾರಿ ಆದೇಶ ಕೊಟ್ಟರೆ, ಆಗ ಅಕ್ಕ ಬರೀ 'ತಾಯಿ'.

'ಅವ್ರಮ್ಮ ಬಂದ್ಬುಟ್ರೆ, ನೀನ್ ಸಾಕಿದ್ದು ಸಾಕು ಅಂತಾರೆ ಅಷ್ಟೇ ಕಣಮ್ಮ' ಎಂದು ಮನೆ ಓನರ್ ಆಂಟಿ ಆಗಾಗ ಹೆದರಿಸುತ್ತಿರುತ್ತಾರೆ. (ಪೋಷಿಸು ಎನ್ನುವುದಕ್ಕೂ ನಿಲ್ಲಿಸು ಎನ್ನುವುದಕ್ಕೂ ಒಂದೇ ಮಾತಿಟ್ಟವರು ಯಾರೋ!)

ಹೆತ್ತವಳು ದೊಡ್ಡವಳೋ, ಸಾಕಿದವಳೋ? ಕಾಲೇಜಿನಲ್ಲಿದ್ದಾಗ ಗುಬ್ಬಿಯ ಚರ್ಚಾಸ್ಪರ್ಧೆಯೊಂದರಲ್ಲಿ ಸಾಕಿದವಳ ಪರ ಮಾತಾಡಿ ಸ್ಟೀಲ್ ತಟ್ಟೆ ಗೆದ್ದಿದ್ದೆ. ಪುಟ್ಟಿ ಈಗ ಅದರಲ್ಲೇ ಉಣ್ಣುತ್ತಾಳೆ. ಹೆತ್ತವಳ ಪರ ಚೀಟಿ ಬಂದಿದ್ದರೂ ಗೆಲ್ಲುತ್ತಿದ್ದೆ, ಆ ಮಾತು ಬೇರೆ.

ಸಮಿತಿ ಆಫೀಸಿಗೆ ಹೋಗುವ ಆಟೊದಲ್ಲೂ ನಾನು ಸುಮ್ಮನಿರಲಿಲ್ಲ. 'ಈ ನೋಟಿಸ್ ಇಲ್ದಿದ್ರೆ ಕದ್ದ ಮಕ್ಕಳನ್ನೂ ದತ್ತು ಕೊಟ್ಬಿಡಬಹುದಲ್ವಾ? ರೂಲ್ಸ್ ಸರಿಯಾಗೇ ಇದೆ ಕಣೇ.'

'ನಿನ್ ಡಿಬೇಟು ಆಮೇಲ್ ಇಟ್ಕೊ' ಅಂದಳು ಅಕ್ಕ. ಅವಳ ಹಿಡಿತಕ್ಕೆ ಪುಟ್ಟಿ 'ಕೈ ನೋಯ್ತದೆ' ಅಂದಳು. ಅಕ್ಕ ಬಿಡಲಿಲ್ಲ.

ಬಂದಿದ್ದವಳು ಹಾಗಲವಾಡಿ ಕಡೆಯ ಹೆಂಗಸು. ಕೈಯಲ್ಲಿ ಮಡಚಿದ ಪೇಪರು, ಒಂದು ಬಿಸ್ಕೆಟ್ ಪೊಟ್ಟಣ. ಆಫೀಸರು ಗುರುತು ಕೇಳಿದರು.

'ವರ್ಷದ್ ಕೂಸಾಗಿದ್ದಾಗ್ಲೇ ಕಳ್ದೋದ್ಳು ಸಾ. ಬೆನ್ ಮ್ಯಾಲೆ ಮಚ್ಚೆ ಐತೆ. ಉದ್ದಿನ್ ಕಾಳಷ್ಟು.'

ಪುಟ್ಟಿಯ ಬೆನ್ನ ಮೇಲೆ ಮಚ್ಚೆ ಇದೆಯಾ? ಅಕ್ಕನ ಮುಖ ನೋಡಿದೆ. ದಿನಾ ಸ್ನಾನ ಮಾಡಿಸಿ ಪೌಡರ್ ಹಚ್ಚುವವಳು. ಅವಳಿಗೇ ನೆನಪಾಗುತ್ತಿಲ್ಲ. ನನ್ನ ವಾದಗಳೆಲ್ಲ ಎಲ್ಲಿ ಹೋದವು?

ಫ್ರಾಕಿನ ಗುಂಡಿ ಬಿಚ್ಚಿದರು. ಮಚ್ಚೆ ಇಲ್ಲ.

ಹೆಂಗಸು ನಂಬಲಿಲ್ಲ. ಪೌಡರಿನ ಕೆಳಗೆ ಅಡಗಿದೆಯೇನೋ ಎಂಬಂತೆ ಬೆರಳಿನಿಂದ ಎರಡು ಸಲ ಒರೆಸಿ ನೋಡಿದಳು. ಆಮೇಲೆ ತಾನೇ ಗುಂಡಿ ಹಾಕಿದಳು. 'ನಮ್ ಹುಡ್ಗಿ ಅಲ್ಲ ಬುಡಿ.' ಬಿಸ್ಕೆಟ್ ಪೊಟ್ಟಣವನ್ನು ಪುಟ್ಟಿಯ ಕೈಗಿಟ್ಟಳು. 'ತಿನ್ನು ಕಣವ್ವ.'

ಹೊರಗೆ ಬಂದ ಮೇಲೆ ಅಕ್ಕ ನಗುತ್ತಲೇ ಅತ್ತಳು. 'ಬಚಾವಾದ್ವಿ ಕಣೇ.' ಹೌದು, ಬಚಾವಾದ್ವಿ ಅಂದೆ ನಾನೂ. ಅಷ್ಟರಲ್ಲಿ ಆ ಹೆಂಗಸು ಒಬ್ಬಳೇ ರಸ್ತೆ ದಾಟುತ್ತಿದ್ದಳು.

ಗಡುವಿಗೆ ಇನ್ನೂ ಹನ್ನೊಂದು ದಿನವಿದೆ. ಗೇಟು ಸದ್ದಾದರೆ ಬೆಚ್ಚುತ್ತೇವೆ. ಸಂಜೆ ದೀಪ ಹಚ್ಚಿ ಅಕ್ಕ ಬೇಡುವುದು ಒಂದೇ: ಯಾರೂ ಬರದಿರಲಿ. ಅಂದರೆ, ಈ ಮಗುವನ್ನು ಈ ಲೋಕದಲ್ಲಿ ಯಾರೂ ಹುಡುಕದಿರಲಿ! ಇದು ಪ್ರಾರ್ಥನೆಯಾ, ಶಾಪವಾ? ದೇವರನ್ನು ನಂಬದ ನಾನೂ ಪಕ್ಕದಲ್ಲಿ ಕೈ ಮುಗಿದು ನಿಂತಿರುತ್ತೇನೆ.

ಬೆನ್ನ ಮೇಲೆ ಮಚ್ಚೆಯಿರುವ ಆ ಹುಡುಗಿಗೂ ಯಾವುದೋ ಊರಿನಲ್ಲಿ ಯಾರೋ ತಲೆ ಬಾಚುತ್ತಾ, ಯಾರೂ ಬರದಿರಲಿ ಅಂತಲೇ ಬೇಡುತ್ತಿದ್ದಾರಾ?