ಕರಿಮಣಿಯ ಸರ

ಎಕ್ಸ್‌ರೇ ಫಿಲ್ಮನ್ನು ನಾನು ತಪ್ಪಾಗಿ ಓದಿರಬಹುದಿತ್ತು. ಪಕ್ಕೆಲುಬಿನ ಆ ಗಂಟುಗಳು ಯಾವುದೋ ಎಲುಬಿನ ರೋಗದವಾಗಿರಬಹುದಿತ್ತು. ತಾಯಿ ಬಾಯಿ ಬಿಡದಿರಬಹುದಿತ್ತು. ತಂದೆ ಮಗುವನ್ನು ಎತ್ತಿಕೊಂಡು ಆಸ್ಪತ್ರೆಯ ಹೊರಗಿನ ಪಿಂಪ್ರಿಯ ಗದ್ದಲದಲ್ಲಿ ಮಾಯವಾಗಬಹುದಿತ್ತು. ಪೊಲೀಸರು ನನ್ನನ್ನೇ ವರ್ಷಗಟ್ಟಲೆ ಕೋರ್ಟಿಗೆ ಅಲೆಸಬಹುದಿತ್ತು. ಅವನ ಕಡೆಯವರು ಬಂದು ನನ್ನ ಸ್ಕೂಟರ್ ಪುಡಿ ಮಾಡಬಹುದಿತ್ತು. ಸ್ಕೂಟರಿನ ಚಿಂತೆಗೆ ಎಷ್ಟು ಹೊತ್ತು ಕೊಟ್ಟೆನೆಂದು ಹೇಳಲು ಈಗ ನಾಚಿಕೆ.

ತೊಂಬತ್ತರ ದಶಕದ ಕೊನೆ. ನಾನು ಎಕ್ಸ್‌ರೇ ಓದುವ ಡಾಕ್ಟರ್. ನಮ್ಮ ಜಾತಿಯ ಡಾಕ್ಟರರು ರೋಗಿಯ ಮುಖ ನೋಡುವುದು ಕಡಿಮೆ. ಕತ್ತಲಲ್ಲಿ ಕೂತು ಎಲುಬು ನೋಡಿ ಎರಡು ಸಾಲು ಬರೆದರೆ ಮುಗಿಯಿತು. ಮೂರು ವರ್ಷದ ಹುಡುಗಿ. ಮುಂಗೈ ಮುರಿದಿತ್ತು. ಕೆಮ್ಮಿಗೆಂದು ತೆಗೆದ ಎದೆಯ ಫಿಲ್ಮಿನಲ್ಲಿ ಮಾತ್ರ ಹಳೆಯ ಮುರಿತಗಳು, ತಾವಾಗಿಯೇ ಕೂಡಿ ಗಂಟುಗಟ್ಟಿದವು. ಕಟ್ಟಡದ ಕೆಲಸದ ಕುಟುಂಬ; ತಾಯಿಗೆ ಕನ್ನಡ ಬಿಟ್ಟು ಬೇರೆ ಬಾರದು. ವಾರ್ಡಿನವರು ಕೇಳಿದ್ದಕ್ಕೆಲ್ಲ ಮರಾಠಿಯಲ್ಲಿ ಗಂಡನೇ ಉತ್ತರಿಸಿದ್ದ: ಮೆಟ್ಟಿಲಿಂದ ಬಿದ್ದಳು.

ಮಗುವಿನ ಜೊತೆ ಒಳಗೆ ಒಬ್ಬರೇ ಇರಬೇಕೆಂಬುದು ಎಕ್ಸ್‌ರೇ ಕೋಣೆಯ ಕಟ್ಟಳೆ. ಇನ್ನೊಂದು ಫಿಲ್ಮ್ ಬೇಕೆಂದು ಸುಳ್ಳು ಹೇಳಿ ತಾಯಿಯನ್ನೇ ಕರೆದೆ.

"ಯಾವ ಊರು ತಂಗಿ?" ಎಂದು ಕನ್ನಡದಲ್ಲೇ ಕೇಳಿದೆ.

"ಯಾದಗಿರಿ ಕಡೆಯವರ್ರಿ."

"ಪಕ್ಕೆಲುಬಿನಾಗ ಹಳೇ ಮುರಿತ ಅದಾವ. ಅವೂ ಮೆಟ್ಟಿಲಿಂದ ಬಿದ್ದು ಆದವೇನು?"

"ಈ ಫೋಟೋದಾಗ ಅದೂ ಕಾಣ್ತದೇನ್ರಿ?"

"ಕಾಣ್ತದ."

"ಮತ್ತ ನನ್ನ್ಯಾಕ ಕೇಳ್ತೀರಿ?" ಎಂದಳು. ಬಾಗಿಲ ಕಡೆ ನೋಡಿ, "ಅವನ ಕೂಡ ಕಳಸಬ್ಯಾಡ್ರಿ ನಮ್ಮನ್ನ."

ಮಕ್ಕಳ ಡಾಕ್ಟರ್ ನನಗಿಂತ ಹಿರಿಯ ಹೆಂಗಸು. ಫೋನಿನಲ್ಲಿ ನನ್ನ ಅನುಮಾನಗಳ ಪಟ್ಟಿಯನ್ನು ಅರ್ಧಕ್ಕೇ ತಡೆದು, "ಮೊದಲು ಬರೀರಿ, ಆಮೇಲೆ ಬೇಕಾದಷ್ಟು ಹೆದರಿಕೊಳ್ಳಿ" ಎಂದು ಮರಾಠಿಯಲ್ಲಿ ಗದರಿಸಿದರು. ಬರೆದೆ. ಅವರು ಮಗುವನ್ನು ವಾರ್ಡಿನಲ್ಲೇ ಉಳಿಸಿಕೊಂಡು ಪೊಲೀಸರಿಗೆ ತಿಳಿಸಿದರು. ಪೊಲೀಸರು ಗಂಡನನ್ನು ಕರೆದೊಯ್ದರು. ಯೆರವಡಾದಲ್ಲಿ ಕೆಲಸಕ್ಕಿದ್ದ ಅವಳ ಅಣ್ಣ, ತಾಯಿ ಮಗಳಿಬ್ಬರನ್ನೂ ತನ್ನ ಮನೆಗೆ ಒಯ್ಯಲು ಒಪ್ಪಿದ. ಸ್ಕೂಟರಿಗೆ ಒಂದು ಗೀರೂ ಬೀಳಲಿಲ್ಲ.

ಮೊದಲ ದಿನ ಎಕ್ಸ್‌ರೇಗಾಗಿ ಮಗುವಿನ ಮುರಿದ ಕೈಯಿಂದ ದೃಷ್ಟಿಯ ಕರಿಮಣಿ ಸರ ಬಿಚ್ಚಿದ್ದು ನಾನೇ. ಅತ್ತಳು. "ಮನಿಗೆ ಹೋಗೋ ದಿನ ಈ ಕೈಗೆ ನಾನೇ ಕಟ್ತೀನವ್ವಾ" ಎಂದು ಇನ್ನೊಂದು ಕೈ ಮುಟ್ಟಿ ಮಾತು ಕೊಟ್ಟಿದ್ದೆ. ಅವರು ಹೊರಟ ದಿನ ನನಗೆ ಜ್ವರ. ಕೋರ್ಟಿನ ಹೆದರಿಕೆಯದೇ ಇರಬೇಕು. ಸರ ನನ್ನ ಕೋಟಿನ ಜೇಬಿನಲ್ಲೇ ಉಳಿಯಿತು.

ನರ್ಸ್ ಆಮೇಲೆ ಹೇಳಿದಳು: ಎಷ್ಟು ಕರೆದರೂ ಮಾವನ ಹೆಗಲೇರದೆ, ಪ್ಲಾಸ್ಟರ್ ಇಲ್ಲದ ಕೈಯನ್ನು ಮುಂದೆ ಚಾಚಿ, ಎಕ್ಸ್‌ರೇ ಕೋಣೆಯ ಬಾಗಿಲಲ್ಲೇ ನಿಂತಿದ್ದಳಂತೆ.